ಅಪ್‌ಡೇಟ್: ಗಿರಾಕಿ ತಂದ ಸ್ಟೀರಿಯೋಗೆ ಕೂಲಿ ಎಷ್ಟು?

ಆನ್‌ಲೈನಲ್ಲಿ ಕೊಂಡ ಕಾರ್ ಸ್ಟೀರಿಯೋ, ರಿವರ್ಸ್ ಕ್ಯಾಮೆರಾ ಹಿಡ್ಕೊಂಡು ಬರೋರಿಗೆ ಕೂಲಿ ಹೇಗೆ ಹಾಕೋದು ಅಂತ ಕೇಳಿದ್ದೆ. ತುಮಕೂರಿನ ನಮ್ಮ ಅಂಗಡೀಲಿ ಈಗ ಗಂಟೆಗೆ 400 ರೂಪಾಯಿ. ಕಪ್ಲರ್ (ಕಾರಿನ ವೈರನ್ನ ಸ್ಟೀರಿಯೋಗೆ ಸೇರಿಸೋ ಪ್ಲಗ್) ಸರಿಯಾಗಿ ಕೂತರೆ ಸ್ಟೀರಿಯೋಗೆ ಒಂದು ಗಂಟೆ, ಕ್ಯಾಮೆರಾಗೆ ಎರಡು. ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗೆ ವೈರ್ ತೂರಿಸೋದೇ ಅರ್ಧ ಹೊತ್ತು ತಿನ್ನುತ್ತೆ. ಕಪ್ಲರ್, ಸ್ಟೀರಿಯೋ ಸುತ್ತ ಕೂರೋ ಫ್ರೇಮ್, ಫ್ಯೂಸ್ ಬಿಲ್ಲಲ್ಲಿ ಬೇರೆ ಸಾಲು, ಕೊಂಡ ಬೆಲೆ ಮೇಲೆ ಶೇ. 25. ಗಿರಾಕಿ ಸಾಮಾನಿಗೆ ವಾರಂಟಿ ಇಲ್ಲ, ನಮ್ಮ ವೈರಿಂಗಿಗೆ 6 ತಿಂಗಳು.

ಡ್ಯಾಶ್‌ಬೋರ್ಡ್ ಬಿಚ್ಚೋ ಮುಂಚೆ ಹಾರ್ನ್, ಎಸಿ, ಸ್ಟೀರಿಂಗ್ ಬಟನ್ ಗಿರಾಕಿ ಎದುರೇ ಪರೀಕ್ಷೆ. ಸ್ಟೀರಿಯೋದ ಹಳದಿ ವೈರಿಗೆ ಸದಾ 12 ವೋಲ್ಟ್, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಎರಡನ್ನೂ ಬ್ಯಾಟರಿ ಲೈನಿಗೇ ಸೇರಿಸಿದ್ರೆ ರಾತ್ರಿಯೆಲ್ಲ ಕರೆಂಟ್ ಎಳೆದು ಬ್ಯಾಟರಿ ಇಳಿಯುತ್ತೆ. ಬೇರೆಯವರು ಮಾಡಿಟ್ಟ ಅಂಥ ಎಡವಟ್ಟು ಬಿಡಿಸೋಕೆ ಗಂಟೆ ಲೆಕ್ಕ ಬೇರೆ.