ಸಹಾಯ ಬೇಕು: ರಾಯಚೂರಿನಲ್ಲಿ ಕೈತೋಟ, ಅಡುಗೆ ಕಲಿಸುವವರು ಇದ್ದರೆ ಹೇಳ್ರಿ

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಕೈತೋಟ ಮಾಡೋದು, ಬೆಳೆದ ಸೊಪ್ಪನ್ನೇ ಅಡುಗೆ ಮಾಡೋದು ಕಲೀಬೇಕು ಅಂತಿದ್ದೀವಿ. ನಮ್ಮದು ಎರೆಮಣ್ಣು. ಮಳೆ ಬಂದರೆ ನೀರು ಹಿಡಿದು ಬೇರು ಕೊಳೀತದ, ಬೇಸಿಗೆಯಲ್ಲಿ ಬಿರುಕು ಬಿಡ್ತದ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಮೆಂತ್ಯ ನಿಲ್ಲೋದೇ ಇಲ್ಲ. ಇಂಥ ನೆಲಕ್ಕೆ ಹೊಂದುವಂತೆ ಕಲಿಸುವವರು ಬೇಕು. ಇಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತರಬೇತಿ ಪಡೆದವರಿದ್ದರೆ ಹೆಸರು ಹೇಗೆ ಕೊಡಬೇಕು, ಸಂಘದವರನ್ನ ಒಟ್ಟಿಗೆ ತಗೋತಾರೇನು, ದಯವಿಟ್ಟು ತಿಳಿಸ್ರಿ. ಸ್ತ್ರೀಶಕ್ತಿ ಸಂಘ, ಅಂಗನವಾಡಿ ಕಡೆಯಿಂದ ನಡೆಯುವಂಥದ್ದಾದರೂ ನಡೀತದ.

ಅಡುಗೆಯಲ್ಲಿ ಸಿರಿಧಾನ್ಯದ್ದು ಮುಖ್ಯವಾಗಿ ಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ ಕಲಿಸಲಿಕ್ಕೆ ನಮ್ಮ ಅತ್ತೆಯವರೇ ಇದ್ದಾರ. ಬೇರೆ ಓಣಿಯವರೂ ಬರಬಹುದು. ಮಾನ್ವಿ, ಸಿಂಧನೂರು ಕಡೆ ಇಂಥದ್ದು ನಡೀತಿದ್ದರೂ ಹೇಳ್ರಿ, ಬಸ್ಸಿಗೆ ಬರ್ತೀವಿ.