ವಿಶ್ವಕಿರಣಗಳ ‘ಇಳಿತ’ವೋ, ‘ಕುಸಿತ’ವೋ? ಫಲಕಕ್ಕೊಂದು ಪದ ಬೇಕಾಗಿದೆ

ಬದಿಯಡ್ಕದಿಂದ:

ಉಪಜಿಲ್ಲಾ ಶಾಸ್ತ್ರಮೇಳಕ್ಕಾಗಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ವಿಶ್ವಕಿರಣಗಳ (ಬಾಹ್ಯಾಕಾಶದಿಂದ ಬರುವ ಅತಿವೇಗದ ಸೂಕ್ಷ್ಮ ಕಣಗಳ) ಬಗ್ಗೆ ಒಂದು ಫಲಕವನ್ನು ಸಿದ್ಧಪಡಿಸುತ್ತಿದ್ದು, ಅದರ ಮುಖ್ಯ ನಕ್ಷೆಗೆ ತಲೆಬರಹ ಬೇಕಾಗಿದೆ. ಸೂರ್ಯನ ಕರೋನಾದಿಂದ (ಹೊರ ವಾತಾವರಣದಿಂದ) ಸಿಡಿದ ಕಾಂತೀಯ ಪ್ಲಾಸ್ಮಾ (ವಿದ್ಯುದಾವೇಶವುಳ್ಳ ಬಿಸಿ ಅನಿಲ) ರಾಶಿಯು ಭೂಮಿಯನ್ನು ಹಾದುಹೋಗುವಾಗ, ಸೌರವ್ಯೂಹದ ಹೊರಗಿನಿಂದ ಬರುವ ವಿಶ್ವಕಿರಣಗಳ ತೀವ್ರತೆಯು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಕಡಿಮೆಯಾಗಿ, ಅನಂತರ ಹಲವು ದಿನಗಳಲ್ಲಿ ನಿಧಾನವಾಗಿ ಮೊದಲಿನ ಮಟ್ಟಕ್ಕೆ ಬರುತ್ತದೆ. 1937ರಲ್ಲಿ ಇದನ್ನು ವರದಿ ಮಾಡಿದ ಅಮೆರಿಕದ ಭೌತವಿಜ್ಞಾನಿ ಸ್ಕಾಟ್ ಫೋರ್ಬುಷ್ ಅವರ ಹೆಸರಿನಲ್ಲಿ ಫೋರ್ಬುಷ್ ಡಿಕ್ರೀಸ್ ಎಂದು ಕರೆಯುತ್ತಾರೆ. ಸದ್ಯಕ್ಕೆ ‘ಫೋರ್ಬುಷ್ ಇಳಿತ’ ಎಂದು ಬರೆದುಕೊಂಡಿದ್ದೇವೆ. ಮರಳಿ ಏರುವ ಭಾಗಕ್ಕೆ ಪದ ಹೊಳೆದಿಲ್ಲ. ಫಲಕ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ.

ಹೊಸೂರಿನಿಂದ:

‘ವಿಶ್ವ’, ‘ಕಿರಣ’, ‘ತೀವ್ರತೆ’ ಮೂರೂ ಸಂಸ್ಕೃತದವು. ನಮ್ಮ ಊರಿನ ತಮಿಳು ಶಾಲೆಯ ಮಕ್ಕಳು ‘ಅಂಡಕ್ಕದಿರ್’ ಎಂದು ಓದುತ್ತಾರೆ, ಯಾರಿಗೂ ಕಷ್ಟವಾಗಿಲ್ಲ. ‘ಕದಿರು’ ಹಳಗನ್ನಡದಲ್ಲಿಯೂ ಕಿರಣವೇ ಆಗಿದ್ದು, ನಾವು ಅದನ್ನು ಕೈಬಿಟ್ಟು ಕುಳಿತಿದ್ದೇವೆ. ‘ಬಾನ್ಗದಿರ ತಗ್ಗು’ ಎಂದು ಬರೆಯಿರಿ, ಮರಳುವುದಕ್ಕೆ ‘ಮರುಏರು’ ಸಾಕು. ಯಾರಾದರೂ ‘ಚೇತರಿಕೆ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅದರ ಬೇರು ‘ಚೇತಸ್’, ಅದೂ ಬೇಡ.

ಮಂಜೇಶ್ವರದಿಂದ:

‘ಅಂಡಕ್ಕದಿರ್’ನಲ್ಲಿರುವ ‘ಅಂಡ’ ಯಾವ ದ್ರಾವಿಡ ಬೇರಿನಿಂದ ಬಂದಿತೆಂಬುದನ್ನು ಹೊಸೂರಿನವರು ತಿಳಿಸಿದರೆ ಉಪಕಾರವಾಗುತ್ತದೆ. ಕದಿರು ನಮ್ಮ ಕಡೆ ಗದ್ದೆಯಿಂದ ತಂದು ಮನೆಗೆ ಕಟ್ಟುವ ಭತ್ತದ ತೆನೆ. ಕಾಸರಗೋಡಿನ ಮಗು ಬಾನ್ಗದಿರು ಎಂದರೆ ಏನನ್ನು ಊಹಿಸೀತು ಎಂಬುದನ್ನು ಅವರೇ ಯೋಚಿಸಲಿ.

‘ಇಳಿತ’ವೂ ಸರಿಯಲ್ಲ. ಕಡಲ ತಡಿಯವರಿಗೆ ಇಳಿತವೆಂದರೆ ಉಬ್ಬರದ ಜೊತೆಗಾರ. ಲೆಕ್ಕ ಹಾಕಿದ ವೇಳೆಗೆ ಬಂದು, ಏರಿದಷ್ಟೇ ಸಾವಕಾಶವಾಗಿ ಇಳಿಯುವಂಥದ್ದು. ಇಲ್ಲಿ ನಿಯತ ಕಾಲವೇ ಇಲ್ಲ, ಇಳಿಯುವ ವೇಗಕ್ಕೂ ಏರುವ ವೇಗಕ್ಕೂ ಸಂಬಂಧವಿಲ್ಲ. ‘ಇಳಿಕೆ’ಯನ್ನು ಬೇರೊಂದಕ್ಕೆ ಉಳಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ: ಸುಮಾರು 11 ವರ್ಷಗಳ ಸೌರಚಕ್ರದಲ್ಲಿ ಸೂರ್ಯನ ಚಟುವಟಿಕೆ ಹೆಚ್ಚಿದಂತೆ ವಿಶ್ವಕಿರಣಗಳು ಮೆಲ್ಲಮೆಲ್ಲನೆ ಕಡಿಮೆಯಾಗುತ್ತವಲ್ಲ, ಆ ದೀರ್ಘಕಾಲದ ಬದಲಾವಣೆಗೆ ಅದು ಸರಿಹೊಂದುತ್ತದೆ. ಹಠಾತ್ತಾದ, ತಾತ್ಕಾಲಿಕವಾದ ಈ ಘಟನೆಗೆ ‘ಕುಸಿತ’ವೇ ಯೋಗ್ಯ.

ಕುಸಿತವನ್ನು ಒಪ್ಪಿದರೆ ಚೇತರಿಕೆ ತಾನಾಗಿ ಜೊತೆಗೆ ಬರುತ್ತದೆ. ಅಡಿಕೆಯ ಧಾರಣೆ ಕುಸಿಯಿತು, ಚೇತರಿಸಿತು ಎಂದು ಪತ್ರಿಕೆಯಲ್ಲಿ ಓದುವ ನಮ್ಮ ತೋಟದವರಲ್ಲಿ ಒಬ್ಬರೂ ಇದುವರೆಗೆ ‘ಚೇತಸ್’ ಎಲ್ಲಿಂದ ಬಂತೆಂದು ಕೇಳಿಲ್ಲ. ಇದಲ್ಲದೆ ‘ಮರುಏರು’ ಎಂಬಲ್ಲಿ ಏರುವ ಕ್ರಿಯೆ ಮಾತ್ರ ಇದೆ, ಎಲ್ಲಿಯವರೆಗೆ ಏರಬೇಕು ಎಂಬುದು ಇಲ್ಲ. ಚೇತರಿಕೆಯಲ್ಲಿ ಮೊದಲಿನ ಸ್ಥಿತಿಗೆ ಮರಳುವ ಅರ್ಥ ಅಡಗಿದೆ. ಪ್ಲಾಸ್ಮಾ ರಾಶಿ ನಮ್ಮನ್ನು ದಾಟಿಹೋದ ಮೇಲೂ ಹೊರಮುಖವಾಗಿ ಚಲಿಸುತ್ತ ಕೆಲವು ಕಾಲ ಕಿರಣಗಳನ್ನು ತಡೆಯುತ್ತಿರುತ್ತದೆ, ಅದು ದೂರ ಸರಿದು ಹರಡಿಕೊಂಡಂತೆ ಅದರ ಹಿಂದಿನ ತೆರವಿಗೆ ಕಣಗಳು ಕ್ರಮೇಣ ಒಸರಿ ತುಂಬಿಕೊಳ್ಳುತ್ತವೆ. ಆದ್ದರಿಂದಲೇ ರೇಖೆಯು ಮೊದಲು ಸ್ವಲ್ಪ ಬೇಗನೆ ಏರಿ, ಹಳೆಯ ಮಟ್ಟವನ್ನು ಸಮೀಪಿಸುತ್ತ ನಿಧಾನವಾಗುತ್ತದೆ.

ತಾಳವಾಡಿಯಿಂದ:

‘ಕಾಂತ ಬಿರುಗಾಳಿ ಕುಸಿತ’ ಎಂದರೆ ಕಾರಣವೂ ಹೆಸರಿನಲ್ಲಿಯೇ ಬರುತ್ತದೆಯಲ್ಲವೇ? ಫೋರ್ಬುಷ್ ಅವರು ಇದನ್ನು ಕಂಡದ್ದೂ ಭೂಕಾಂತ ಬಿರುಗಾಳಿಯ, ಎಂದರೆ ಭೂಮಿಯ ಕಾಂತಕ್ಷೇತ್ರ ತೀವ್ರವಾಗಿ ಕದಡಿದ, ಸಮಯದಲ್ಲಿ.

ಮಂಜೇಶ್ವರದಿಂದ:

ಖಂಡಿತ ಬೇಡ. ಭೂಕಾಂತ ಬಿರುಗಾಳಿ ಇದರ ಕಾರಣವಲ್ಲ, ಇದರೊಂದಿಗೆ ಹುಟ್ಟುವ ಒಡಹುಟ್ಟು. ಎರಡಕ್ಕೂ ಮೂಲ ಸೂರ್ಯನಿಂದ ಬಂದ ಆ ರಾಶಿಯೇ. 1960ರಲ್ಲಿ ಭೂಮಿಯ ಕಾಂತಕ್ಷೇತ್ರದಿಂದ ಬಹುದೂರದಲ್ಲಿದ್ದ ಪಯನೀರ್ 5 ಬಾಹ್ಯಾಕಾಶ ನೌಕೆಯೂ ಇಂಥದೇ ಕುಸಿತವನ್ನು ದಾಖಲಿಸಿದ ಮೇಲೆ ಆ ವಾದಕ್ಕೆ ಜಾಗವಿಲ್ಲ. ತಪ್ಪು ಕಾರಣವನ್ನು ಹೆಸರಿನೊಳಗೆ ತುರುಕುವುದಕ್ಕಿಂತ ಫೋರ್ಬುಷ್ ಅವರ ಹೆಸರನ್ನೇ ಉಳಿಸಿಕೊಳ್ಳುವುದು ಲೇಸು.

ಹೊಸೂರಿನಿಂದ:

ತೆನೆಯ ವಾದ ನಿಲ್ಲುವುದಿಲ್ಲ. ತಮಿಳಿನಲ್ಲಿಯೂ ಕದಿರ್ ಎಂದರೆ ತೆನೆಯೂ ಹೌದು, ಕಿರಣವೂ ಹೌದು. ಅಲ್ಲಿಯ ಮಕ್ಕಳು ಗಲಿಬಿಲಿಗೊಂಡಿಲ್ಲ. ‘ಅಂಡ’ದ ಮಾತನ್ನು ಒಪ್ಪುತ್ತೇನೆ, ಅದಕ್ಕಾಗಿಯೇ ನಾನು ‘ಬಾನ್’ ಎಂದು ಬರೆದದ್ದು. ಇನ್ನು ನನ್ನ ಹಳಗನ್ನಡವನ್ನು ಹಾಸ್ಯಮಾಡುವವರ ಕಣ್ಣಿಗೆ ‘ಶಾಸ್ತ್ರಮೇಳ’ ಬೀಳಲಿಲ್ಲವೇ? ವಿಜ್ಞಾನಕ್ಕೆ ಶಾಸ್ತ್ರ ಎನ್ನುವುದು ಮಲಯಾಳದ ರೂಢಿ. ಕನ್ನಡದಲ್ಲಿ ಶಾಸ್ತ್ರ ಕೇಳುವುದೆಂದರೆ ಭವಿಷ್ಯ ಕೇಳುವುದು.

ಬದಿಯಡ್ಕದಿಂದ:

ಅದು ಇಲಾಖೆಯ ಸುತ್ತೋಲೆಯಲ್ಲಿ ಬರುವ ಹೆಸರು; ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ. ಇಲ್ಲಿಯ ಮಕ್ಕಳು ಮೇಳಕ್ಕೆ ಶಾಸ್ತ್ರವೆಂದೂ ಪಾಠಕ್ಕೆ ವಿಜ್ಞಾನವೆಂದೂ ಹೇಳಿಕೊಂಡು ಬೆಳೆದವರು, ಅವರಿಗೆ ಇದರಿಂದ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ತಲೆಬರಹ ‘ವಿಶ್ವಕಿರಣಗಳ ಫೋರ್ಬುಷ್ ಕುಸಿತ’ ಎಂದೂ, ಎರಡು ಭಾಗಗಳ ಕೆಳಗೆ ‘ಕುಸಿತದ ಹಂತ’, ‘ಚೇತರಿಕೆಯ ಹಂತ’ ಎಂದೂ ಬರೆಸುತ್ತಿದ್ದೇವೆ.

ಮಂಜೇಶ್ವರದಿಂದ:

ಒಳ್ಳೆಯದು. ಆದರೆ ‘ಕುಸಿತ’ ಎಂದ ಕೂಡಲೇ ನೋಡುವವರು ಕಿರಣಗಳೇ ನಿಂತುಹೋದವೆಂದು ತಿಳಿಯುವ ಅಪಾಯವಿದೆ. ನಕ್ಷೆಯ ಲಂಬ ಅಕ್ಷ ಸೊನ್ನೆಯಿಂದ ಆರಂಭವಾಗದಿದ್ದರೆ ಅದು ಇನ್ನೂ ಹೆಚ್ಚು. ದೊಡ್ಡ ಘಟನೆಗಳಲ್ಲಿಯೂ ಇಳಿಯುವುದು ಶೇಕಡಾ 20ರ ಆಸುಪಾಸಿನಷ್ಟು, ಸಾಮಾನ್ಯವಾದವುಗಳಲ್ಲಿ ಬೆರಳೆಣಿಕೆಯಷ್ಟು. ಅದೂ ಅಳೆಯುವ ಸ್ಥಳವನ್ನು ಅವಲಂಬಿಸಿದೆ: ಫಿನ್‌ಲೆಂಡಿನ ಔಲುವಿನಲ್ಲಿರುವ ನ್ಯೂಟ್ರಾನ್ ಮಾನಿಟರು (ವಿಶ್ವಕಿರಣಗಳ ತೀವ್ರತೆಯನ್ನು ಅಳೆಯುವ ಉಪಕರಣ) ಕಡಿಮೆ ಶಕ್ತಿಯ ಕಣಗಳನ್ನೂ ಗ್ರಹಿಸುವುದರಿಂದ ದೊಡ್ಡ ಕುಸಿತವನ್ನು ತೋರಿಸುತ್ತದೆ, ಸಮಭಾಜಕಕ್ಕೆ ಹತ್ತಿರವಿರುವ ಉದಕಮಂಡಲದ ಗ್ರೇಪ್ಸ್-3 ವಿಶ್ವಕಿರಣ ಪ್ರಯೋಗದ ಮ್ಯುವಾನ್ ದೂರದರ್ಶಕಕ್ಕೆ (ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯುವಾನ್ ಕಣಗಳನ್ನು ಎಣಿಸುವ ಉಪಕರಣಕ್ಕೆ) ಭೂಕಾಂತಕ್ಷೇತ್ರವನ್ನು ಭೇದಿಸಿ ಬರಬಲ್ಲ ಹೆಚ್ಚಿನ ಶಕ್ತಿಯವು ಮಾತ್ರ ಸಿಗುವುದರಿಂದ ಅದೇ ಘಟನೆ ಸಣ್ಣದಾಗಿ ಕಾಣುತ್ತದೆ. ನಿಮ್ಮ ನಕ್ಷೆ ಯಾವ ಕೇಂದ್ರದ್ದೆಂಬುದನ್ನೂ ಶೇಕಡಾವಾರನ್ನೂ ತಲೆಬರಹದ ಕೆಳಗೆಯೇ ಬರೆಸಿಬಿಡಿ.