ಡ್ರೈವರ್ ಅಪ್‌ಡೇಟ್ ಆದ ಮೇಲೆ ವೈಫೈ ಮಾಯ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ:
ಸರ್, ನಾನು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಲ್ಯಾಪ್‌ಟಾಪ್ ತಗೊಂಡು ಮೂರು ವರ್ಷ, ವಿಂಡೋಸ್ 11 ಇದೆ. ನಿನ್ನೆ ರಾತ್ರಿ ಅಪ್‌ಡೇಟ್ ಪಟ್ಟಿಯಲ್ಲಿ ವೈಫೈ ಡ್ರೈವರ್ ಅಂತ ಒಂದು ಕಂಡಿತು, ಒತ್ತಿಬಿಟ್ಟೆ. ಬೆಳಗ್ಗೆ ನೋಡಿದರೆ ವೈಫೈ ಗುರುತೇ ಇಲ್ಲ, ಆ ಜಾಗದಲ್ಲಿ ಗ್ಲೋಬ್ ಥರದ ಚಿತ್ರ. ಅದೇ ರೂಟರ್‌ನಿಂದ ಮನೆಯವರ ಫೋನಿಗೆಲ್ಲ ನೆಟ್ ಚೆನ್ನಾಗಿ ಬರುತ್ತಿದೆ. ಪೇಟೆಯ ಅಂಗಡಿಯವರಿಗೆ ಫೋನ್ ಮಾಡಿದೆ. ನೋಡದೇನೇ "ವೈಫೈ ಕಾರ್ಡ್ ಹೋಗಿರಬೇಕು, ಇಲ್ಲಾಂದ್ರೆ ಫಾರ್ಮ್ಯಾಟ್" ಅಂದರು. ಸೋಮವಾರ ಮೀಟಿಂಗ್ ಇದೆ. ಏನು ಮಾಡಲಿ?

ಉತ್ತರ (ಲ್ಯಾಪ್‌ಟಾಪ್ ಸರ್ವಿಸ್ ಮಾಡುವವರು):
ಮೇಡಂ, ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬೇಡ. ಸಂಜೆವರೆಗೆ ಸರಿಯಾಗಿದ್ದ ಕಾರ್ಡ್ ಡ್ರೈವರ್ ಬದಲಾದ ರಾತ್ರಿಯೇ ಕೆಟ್ಟುಹೋಯಿತು ಅಂದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಮೊದಲು ಡ್ರೈವರನ್ನೇ, ಅಂದರೆ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರನ್ನೇ, ಅನುಮಾನಿಸೋಣ.

ಅದಕ್ಕೂ ಮುಂಚೆ ನೆಟ್ ಬೇಕಲ್ಲ. ಯಾರದ್ದಾದರೂ ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಇದಕ್ಕೆ ಲ್ಯಾಪ್‌ಟಾಪಿನ ವೈಫೈ ಬೇಕಾಗಿಲ್ಲ. ಫೋನ್ ಮನೆ ವೈಫೈನಲ್ಲೇ ಇದ್ದರೆ ಆ ನೆಟ್ಟೇ ಕೇಬಲ್ ಮೂಲಕ ಬರುತ್ತದೆ, ಸಿಮ್ ಡೇಟಾ ಖರ್ಚಾಗಲ್ಲ. ಸೋಮವಾರದ ಮೀಟಿಂಗ್ ಇಷ್ಟರಲ್ಲೇ ನಡೆದುಹೋಗುತ್ತದೆ.

ಆಮೇಲೆ ಶಿಫ್ಟ್ ಕೀ ಹಿಡಿದುಕೊಂಡೇ ಶಟ್ ಡೌನ್ ಒತ್ತಿ. ಮಾಮೂಲಿ ಶಟ್ ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಆಫ್ ಆಗಲ್ಲ. ಬೇಗ ಆನ್ ಆಗಲಿ ಅಂತ ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ಬಹಳಷ್ಟು ವೈಫೈ ಕಾರ್ಡುಗಳ ಒಳಗೆ ಓಡುವ ಫರ್ಮ್‌ವೇರನ್ನು (ಕಾರ್ಡನ್ನು ನಡೆಸುವ ಪುಟ್ಟ ಪ್ರೋಗ್ರಾಂ) ತುಂಬುವುದು ಡ್ರೈವರೇ. ಹೊಸ ಡ್ರೈವರ್ ಬಂದಾಗ ಕಾರ್ಡ್ ಹಳೇ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಎರಡಕ್ಕೂ ಹೊಂದಾಣಿಕೆ ಆಗಲ್ಲ. ಆಫ್ ಆದ ಮೇಲೆ ಚಾರ್ಜರ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಆನ್ ಆದರೂ ಬಿಡಬೇಡಿ. ನಂತರ ಆನ್ ಮಾಡಿ. ನನ್ನ ಹತ್ತಿರ ಬರುವ ಇಂಥ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ದುಡ್ಡು ಕೇಳೋಕೇ ನಾಚಿಕೆ ಆಗುತ್ತದೆ!

ಆಗಲಿಲ್ಲವಾ? ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಕಾರ್ಡಿನ ಹೆಸರಿದೆಯಾ, ಅದರ ಮೇಲೆ ಹಳದಿ ತ್ರಿಕೋನ ಇದೆಯಾ ನೋಡಿ. ಇದ್ದರೆ ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ, ಹಳೇ ಡ್ರೈವರಿಗೆ ವಾಪಸ್ ಹೋಗುತ್ತದೆ. ಏನು ಕಂಡಿತು ಅಂತ ಬರೆಯಿರಿ.

ಕೇಳಿದವರು:
ಅಪ್ಪನ ಫೋನಿನಿಂದ ನೆಟ್ ಬಂತು ಸರ್, ಜೀವ ಬಂದ ಹಾಗಾಯಿತು. ಪವರ್ ಬಟನ್ ಉಪಾಯ ಫಲಿಸಲಿಲ್ಲ. ಹಳದಿ ತ್ರಿಕೋನ ಇದೆ, ಒಳಗೆ 'ಕೋಡ್ 10' ಅಂತಿದೆ. ರೋಲ್ ಬ್ಯಾಕ್ ಬಟನ್ ಮಂಕಾಗಿದೆ, ಒತ್ತೋಕೆ ಆಗುತ್ತಿಲ್ಲ. ಬ್ಲೂಟೂತ್ ಮಾತ್ರ ಕೆಲಸ ಮಾಡುತ್ತಿದೆ.

ಉತ್ತರ:
ಬ್ಲೂಟೂತ್ ಇದೆ ಅಂದಿರಲ್ಲ, ಅದು ಒಳ್ಳೇ ಸುದ್ದಿ. ಸಾಮಾನ್ಯವಾಗಿ ಎರಡೂ ಒಂದೇ ಕಾರ್ಡಿನಲ್ಲಿರುತ್ತವೆ. ಕಾರ್ಡಿಗೆ ಕರೆಂಟ್ ಹೋಗುತ್ತಿದೆ ಅಂತಾಯಿತು. ಕೋಡ್ 10 ಅಂದರೆ ಕಾರ್ಡ್ ಕಂಡಿದೆ, ಶುರುವಾಗುತ್ತಿಲ್ಲ ಅಷ್ಟೇ. ಕಾರ್ಡ್ ಕೆಟ್ಟರೂ ಅದೇ ಕೋಡ್ ಬರಬಹುದು, ಆದರೆ ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಡ್ರೈವರ್ ಮೇಲೇ.

ರೋಲ್ ಬ್ಯಾಕ್ ಮಂಕಾಗಿದ್ದರೂ ಹಳೇ ಡ್ರೈವರ್ ಒಳಗೆಲ್ಲೋ ಬಿದ್ದಿರಬಹುದು. ಅದೇ ಟ್ಯಾಬ್‌ನಲ್ಲಿ 'ಅಪ್‌ಡೇಟ್ ಡ್ರೈವರ್' ಒತ್ತಿ. ಹೆಸರು ಅಪ್‌ಡೇಟ್, ಮಾಡುವುದು ಹಿಂದಕ್ಕೆ ಹೋಗುವ ಕೆಲಸ! ಎರಡು ಆಯ್ಕೆ ಬರುತ್ತವೆ. 'ಬ್ರೌಸ್ ಮೈ ಕಂಪ್ಯೂಟರ್' ಅನ್ನುವುದನ್ನು ಆರಿಸಿ, ಆಮೇಲೆ ಕೆಳಗಿರುವ 'ಲೆಟ್ ಮಿ ಪಿಕ್' ಸಾಲನ್ನು ಒತ್ತಿ. ಒಂದೇ ಹೆಸರು ಎರಡು ಮೂರು ಸಲ ಕಂಡರೆ ಕೊನೆಯಲ್ಲಿರುವ ವರ್ಷನ್ ನಂಬರ್ ನೋಡಿ, ಚಿಕ್ಕದನ್ನು ಆರಿಸಿ. ರೀಸ್ಟಾರ್ಟ್ ಮಾಡಿ.

ಪಟ್ಟಿಯಲ್ಲಿ ಒಂದೇ ಇದ್ದರೆ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ಮಾಡೆಲ್ ನಂಬರ್ ಹಾಕಿ ಹಳೇ ವೈಫೈ ಡ್ರೈವರ್ ಇಳಿಸಿಕೊಳ್ಳಿ. ಅದು ಕೈಗೆ ಬರುವವರೆಗೆ ಈಗಿರುವುದನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಇನ್ನೊಂದು, 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಲೇಬೇಡಿ. ವೈಫೈ ಸರಿಮಾಡಲು ಹೋಗಿ ಸೌಂಡ್ ಕಳೆದುಕೊಂಡವರನ್ನು ನೋಡಿದ್ದೇನೆ.

ಗುಂಪಿನ ಇನ್ನೊಬ್ಬರು:
ಸರ್, ಇದರ ಜೊತೆಗೇ ನಂದೂ ಒಂದು. ಅಪ್‌ಡೇಟ್ ಆದ ಮೇಲೆ ನನ್ನದು ಕನೆಕ್ಟ್ ಆಗ್ತದೆ, ಆದರೆ 'ನೋ ಇಂಟರ್ನೆಟ್'. ಐಪಿ ಅಡ್ರೆಸ್ 169.254 ಅಂತ ಶುರುವಾಗ್ತದೆ.

ಉತ್ತರ:
ನಿಮ್ಮದು ಬೇರೆ ಕಥೆ. ರೂಟರ್ ಅಡ್ರೆಸ್ ಕೊಡದಿದ್ದಾಗ ಲ್ಯಾಪ್‌ಟಾಪ್ ತಾನೇ ಇಟ್ಟುಕೊಳ್ಳುವ ಅಡ್ರೆಸ್ ಅದು. ರೂಟರ್ ಆಫ್ ಮಾಡಿ ಆನ್ ಮಾಡಿ. ಆ ವೈಫೈ ಹೆಸರನ್ನು 'ಫರ್ಗೆಟ್' ಮಾಡಿ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿ. ಬಗ್ಗದಿದ್ದರೆ ಕೊನೆಗೆ ನೆಟ್‌ವರ್ಕ್ ರೀಸೆಟ್. ಅದು ಸೇವ್ ಆಗಿರುವ ವೈಫೈ ಪಾಸ್‌ವರ್ಡ್ ಎಲ್ಲ ಅಳಿಸುತ್ತದೆ, ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮತ್ತೆ ಹಾಕಬೇಕಾಗಬಹುದು. ಮೊದಲೇ ಬರೆದಿಟ್ಟುಕೊಳ್ಳಿ.

ಕೇಳಿದವರು:
ಸರ್, ಬಂತು! ಪಟ್ಟಿಯಲ್ಲಿ ಎರಡಿತ್ತು, ಹಳೇದು ಆರಿಸಿದೆ. ಈಗ ವೈಫೈನಿಂದಲೇ ಬರೆಯುತ್ತಿದ್ದೇನೆ. ಆದರೆ ಲ್ಯಾಪ್‌ಟಾಪ್ ಮಲಗಿ ಎದ್ದರೆ ಒಂದು ನಿಮಿಷ ವೈಫೈ ಇರಲ್ಲ. ಮತ್ತೆ ಅದೇ ಅಪ್‌ಡೇಟ್ ಬಂದು ಕೂತರೆ? ಇನ್ನು ಡ್ರೈವರ್ ಅಪ್‌ಡೇಟ್ ಮುಟ್ಟೋದೇ ಬೇಡ ಅಲ್ವಾ?

ಉತ್ತರ:
ಮಲಗುವ ತೊಂದರೆಗೆ ಅದೇ ಕಾರ್ಡಿನ 'ಪವರ್ ಮ್ಯಾನೇಜ್‌ಮೆಂಟ್' ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಟ್ಯಾಬ್ ಇರುವುದೇ ಇಲ್ಲ. ಹಾಗಿದ್ದರೆ ಆ ಒಂದು ನಿಮಿಷ ಕಾಯಿರಿ, ಅದರ ಹಿಂದೆ ಬೀಳಬೇಡಿ.

ಅಪ್‌ಡೇಟ್ ಸೆಟ್ಟಿಂಗಿನಲ್ಲಿ 'ಪಾಜ್' (Pause) ಒತ್ತಿ ಸ್ವಲ್ಪ ದಿನ ಅಪ್‌ಡೇಟ್ ತಡೆದಿಡಿ. 'ಆಪ್ಷನಲ್ ಅಪ್‌ಡೇಟ್ಸ್' ಒಳಗಿನ ಡ್ರೈವರ್‌ಗಳನ್ನು ಸುಮ್ನೆ ಟಿಕ್ ಮಾಡಬೇಡಿ. ಹಾಗಂತ ಮುಟ್ಟಲೇಬಾರದು ಅಂತಿಲ್ಲ. ವೈಫೈ 6 ಅನ್ನುವ ಹೊಸ ತಲೆಮಾರಿನ ರೂಟರ್ ಬಂದಾಗ ಹಳೇ ಡ್ರೈವರ್ ಇದ್ದ ಕೆಲವು ಕಾರ್ಡುಗಳಿಗೆ ರೂಟರಿನ ಹೆಸರೇ ಕಾಣುತ್ತಿರಲಿಲ್ಲ. ಅಪ್‌ಡೇಟ್ ಮಾಡಿದ ಮೇಲೇ ಕಂಡಿದ್ದು. ಮಾಡುವುದಿದ್ದರೆ ಶನಿವಾರ ಬೆಳಗ್ಗೆ ಮಾಡಿ, ಮೀಟಿಂಗ್ ಎದುರಿಗೆ ಇಟ್ಟುಕೊಂಡಲ್ಲ.

ಕೇಳಿದವರು:
ಆಯಿತು ಸರ್, ತುಂಬಾ ಥ್ಯಾಂಕ್ಸ್. ಅಪ್ಪನ ಫೋನ್ ವಾಪಸ್ ಕೊಟ್ಟೆ. ಬೆಳಗ್ಗೆಯಿಂದ ಅಡಿಕೆ ರೇಟ್ ನೋಡೋಕಾಗಲಿಲ್ಲ ಅಂತ ಮುಖ ಊದಿಸಿಕೊಂಡಿದ್ದರು.